ಊರೆಲ್ಲ ಕೂಡಿ ಕವಿತೆ ಕೇಳುವ ದಿನ: ಶಾಲೆಯಲ್ಲಿ ಹೀಗೆ ಮಾಡಿ

ಮಾರ್ಚ್ 21 ವಿಶ್ವ ಕಾವ್ಯ ದಿನ. ಯುನೆಸ್ಕೊ ಇದನ್ನು ಗೊತ್ತುಮಾಡಿದ್ದು 1999ರಲ್ಲಿ. ಕಾವ್ಯದೊಂದಿಗೆ ಬಳ್ಳಾರಿ, ರಾಯಚೂರು, ಕೊಪ್ಪಳದ ನಮ್ಮ ಸೀಮೆಯ ನಂಟು ಅದಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿರುವ ನಾಡನ್ನು ಗುರುತಿಸುವಾಗ ಇಂದಿನ ಕೊಪ್ಪಳವನ್ನು ‘ಮಹಾಕೊಪಣ ನಗರ’ ಎಂದು ಕರೆದಿದೆ. ಅದೇ ಗ್ರಂಥ ಕನ್ನಡ ನಾಡಿನ ಜನರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಎಂದು ಕೊಂಡಾಡುತ್ತದೆ. ಪುಸ್ತಕ ಹಿಡಿದು ಕಲಿಯದವರಿಗೂ ಕಾವ್ಯದ ಹದ ಗೊತ್ತು ಎಂಬ ಈ ಮಾತನ್ನು ನಂಬಿ ಹೊರಟರೆ ಶಾಲೆಯ ಕಾವ್ಯ ದಿನ ಬೇರೆಯೇ ಆಗುತ್ತದೆ.

ಕವಿಗೋಷ್ಠಿಗಳಲ್ಲಿ ತಮ್ಮ ಕವಿತೆ ಓದಿ, ಮುಂದಿನವರದನ್ನು ಕೇಳದೆ ಎದ್ದುಹೋಗುವವರೇ ಹೆಚ್ಚಾಗಿದ್ದಾರೆ. ಸ್ಪರ್ಧೆ ಇಟ್ಟರೆ ಮೂವರಿಗೆ ಬಹುಮಾನ, ಉಳಿದ ಮಕ್ಕಳಿಗೆ ಸಪ್ಪೆ ಮುಖ. ಅದಕ್ಕೆ ಪ್ರತಿಭಾ ಕಾರಂಜಿ ಇದ್ದೇ ಇದೆ. ಇಲ್ಲಿ ಬಹುಮಾನವೂ ಬೇಡ, ತೀರ್ಪುಗಾರರೂ ಬೇಡ. ಊರು ಮತ್ತು ಶಾಲೆ ಒಂದೆಡೆ ಕುಳಿತು ಕೇಳಿದರೆ ಸಾಕು.

ಮೊದಲು ದಿನ ಮತ್ತು ಹೊತ್ತು

ಮಾರ್ಚ್ 21ಕ್ಕೇ ಆಗಬೇಕೆಂಬ ಹಟ ಬೇಡ. ಆ ಹೊತ್ತಿಗೆ ಪರೀಕ್ಷೆಯ ಗಡಿಬಿಡಿ, ಬಳ್ಳಾರಿ–ರಾಯಚೂರಿನ ಬಿಸಿಲೂ ಏರಿರುತ್ತದೆ. ಬ್ಯಾಗ್ ಇಲ್ಲದ ಶನಿವಾರ ಅಥವಾ ನವೆಂಬರ್ ತಿಂಗಳ ಒಂದು ಸಂಜೆ ಅನುಕೂಲ. ಹತ್ತಿ ಬಿಡಿಸುವ ಕಾಲದಲ್ಲಿ ಹೆಣ್ಣುಮಕ್ಕಳು ಹೊಲದಿಂದ ಬರುವುದೇ ಸಂಜೆ. ಆದ್ದರಿಂದ ಅವರನ್ನು ಕೇಳಿಯೇ ಹೊತ್ತು ಗೊತ್ತುಮಾಡಿ. ಅವರು ಬಾರದಿದ್ದರೆ ಅರ್ಧ ಕಾವ್ಯ ಮನೆಯಲ್ಲೇ ಉಳಿಯಿತೆಂದು ತಿಳಿಯಿರಿ. ತಯಾರಿಗೆ ಒಂದು ತಿಂಗಳಾದರೂ ಇರಲಿ. ಒಬ್ಬರು ಕನ್ನಡ ಶಿಕ್ಷಕರು, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಒಬ್ಬ ಸದಸ್ಯರು, ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯದ) ಗ್ರಂಥಪಾಲಕರು, ಊರ ಭಜನಾ ಮಂಡಳಿಯ ಒಬ್ಬರು ಜೊತೆಗೂಡಿದರೆ ಕೆಲಸ ಸಾಗುತ್ತದೆ.

ಪದ ಹುಡುಕುವುದು

ಇಡೀ ಕೆಲಸದ ಜೀವ ಇಲ್ಲಿದೆ, ಇದಕ್ಕೆ ಎರಡು ವಾರ ಕೊಡಿ. ಮಕ್ಕಳ ಕೈಗೆ ಒಂದೊಂದು ನೋಟ್‌ಬುಕ್ ಕೊಟ್ಟು, ಊರವರ ಬಾಯಲ್ಲಿರುವ ಹಾಡು–ಪದಗಳನ್ನು ಬರೆದುಕೊಂಡು ಬರಲು ಮನೆಮನೆಗೆ ಕಳಿಸಿ. ಆದರೆ ಕೇಳುವ ರೀತಿಯನ್ನು ಮೊದಲೇ ಹೇಳಿಕೊಡಬೇಕು. ‘ನಿನಗೆ ಕವಿತೆ ಬರುತ್ತದೆಯೇ’ ಎಂದರೆ ಅಜ್ಜಿ ‘ನನಗೆಲ್ಲಿಯ ಕವಿತೆ’ ಎಂದು ಕೈಯಾಡಿಸಿಬಿಡುತ್ತಾಳೆ. ‘ಅಜ್ಜಿ, ಬೀಸುವಾಗ ಏನು ಹಾಡುತ್ತಿದ್ದೆ? ಪಂಚಮಿಗೆ ಜೋಕಾಲಿ ಕಟ್ಟಿದಾಗ ಯಾವ ಪದ? ಕುಬಸದಲ್ಲಿ ಅಜ್ಜನ ಹೆಸರಿಗೆ ಯಾವ ಒಡಪು ಹಾಕಿದ್ದೆ?’ ಎಂದು ಕೇಳಿದರೆ ಒಂದರ ಹಿಂದೆ ಒಂದು ಬರುತ್ತವೆ. ಗಂಡನ ಹೆಸರನ್ನು ಪ್ರಾಸದೊಳಗಿಟ್ಟು ಹೇಳುವ ಒಡಪು ಎರಡೇ ಸಾಲಿನದಾದರೂ ಅಪ್ಪಟ ಕವಿತೆ. ಅದನ್ನು ನಗೆಚಾಟಿಕೆ ಎಂದು ಬದಿಗಿಡಬಾರದು.

ಭಜನೆಯವರ ಬಳಿ ತತ್ವಪದಗಳಿವೆ. ಮೊಹರಂನಲ್ಲಿ ಅಲಾಯಿ ಕುಣಿಯ (ಬೆಂಕಿ ಹಾಕುವ ಗುಂಡಿಯ) ಸುತ್ತ ಹಾಡುವ ರಿವಾಯತ್ ಪದಗಳನ್ನು ಬಲ್ಲವರು ಊರಲ್ಲಿದ್ದರೆ ಅವರ ಮನೆಗೆ ಶಿಕ್ಷಕರೇ ಹೋಗಿ ಕರೆಯಬೇಕು. ತಾಂಡಾದ ಮಕ್ಕಳು ಲಂಬಾಣಿ ಹಾಡನ್ನೂ, ಮನೆಮಾತು ತೆಲುಗು ಅಥವಾ ಉರ್ದು ಆಗಿರುವವರು ತಮ್ಮ ಹಾಡನ್ನೂ ಆ ನುಡಿಯಲ್ಲೇ ಹಾಡಲಿ, ಬಳಿಕ ಅರ್ಥವನ್ನು ಕನ್ನಡದಲ್ಲಿ ಹೇಳಲಿ. ಈ ಜಿಲ್ಲೆಗಳ ಊರುಗಳು ಇರುವುದೇ ಹೀಗೆ ಹಲವು ನುಡಿಗಳಲ್ಲಿ.

ಬರೆದ ಕಾವ್ಯವೂ ಬೇಕು. ನಿಮ್ಮ ಜಿಲ್ಲೆಯವರಿಂದಲೇ ಶುರುಮಾಡಿ. ರಾಯಚೂರಿನವರಿಗೆ ಮಾನ್ವಿಯ ಜಗನ್ನಾಥದಾಸರಿದ್ದಾರೆ, ಕನ್ನಡದಲ್ಲಿ ಗಜಲ್ ಬರೆದ ಶಾಂತರಸರಿದ್ದಾರೆ. ಕೊಪ್ಪಳದವರಿಗೆ ದ್ಯಾಂಪುರದ ಸಿದ್ದಯ್ಯ ಪುರಾಣಿಕರಿದ್ದಾರೆ, ‘ಕಾವ್ಯಾನಂದ’ ಅವರ ಕಾವ್ಯನಾಮ. ಬಳ್ಳಾರಿಯವರಂತೂ ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥೆ ಈರಮ್ಮನವರನ್ನು ಮರೆಯುವಂತಿಲ್ಲ. ಉದ್ದುದ್ದ ಕಥನಕಾವ್ಯಗಳನ್ನು ಕಂಠದಲ್ಲೇ ಇಟ್ಟುಕೊಂಡಿದ್ದವರು ಅವರು.

ಓದುವುದಲ್ಲ, ಕಿವಿಗೆ ಮುಟ್ಟಿಸುವುದು

ಮಕ್ಕಳು ಪದ್ಯವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುವುದು ಪರೀಕ್ಷೆಯ ರೂಢಿ. ಅದನ್ನು ಬಿಡಿಸಲು ಚಪ್ಪಾಳೆಯಷ್ಟು ಸುಲಭದ ಸಾಧನ ಮತ್ತೊಂದಿಲ್ಲ. ಜಗನ್ನಾಥದಾಸರ ಹರಿಕಥಾಮೃತಸಾರ ಭಾಮಿನಿ ಷಟ್ಪದಿಯಲ್ಲಿದೆ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಮೊದಲ ಸಾಲನ್ನು ಹೀಗೆ ಒಡೆದು ಹಲಗೆಯ ಮೇಲೆ ಬರೆಯಿರಿ:

ಹರಿಕ | ಥಾಮೃತ | ಸಾರ | ಗುರುಗಳ

ಪ್ರತಿ ಗಣದ ಮೊದಲಕ್ಷರಕ್ಕೆ ಒಂದು ಚಪ್ಪಾಳೆ. ತರಗತಿಯೆಲ್ಲ ಸೇರಿ ಮೂರು ನಾಲ್ಕು ಸಲ ಹೇಳಿದರೆ ಲಯ ತಾನಾಗಿಯೇ ಮೈಗೂಡುತ್ತದೆ. ವ್ಯಾಕರಣದ ಪಾಠ ಆಮೇಲೆ ಬಂದರೂ ನಡೆದೀತು. ಆ ಪದ್ಯ ಮುಗಿಯುವುದು ‘ಆದರದಿ ಕೇಳುವುದು’ ಎಂಬ ಬೇಡಿಕೆಯಲ್ಲಿ. ನಮ್ಮ ದಿನದ ನಿಯಮವೂ ಅದೇ ಆಗಲಿ.

ಹೊಸಗನ್ನಡದ ಕವಿತೆಗೆ ಇನ್ನೊಂದು ಬಗೆ: ಒಬ್ಬ ಹುಡುಗಿ ಒಂದು ಸಾಲು, ಎದುರು ಮೂಲೆಯಿಂದ ಇನ್ನೊಬ್ಬ ಮುಂದಿನ ಸಾಲು, ಪಲ್ಲವಿಗೆ ಎಲ್ಲರೂ. ಅಂಜುವ ಮಕ್ಕಳಿಗೆ ಇದರಿಂದ ದನಿ ಬರುತ್ತದೆ. ಆಯ್ದ ಕವಿತೆ ಚಿಕ್ಕದಿರಲಿ. ಕೈಯಲ್ಲಿ ಚೀಟಿ ಇದ್ದರೂ ತಪ್ಪಿಲ್ಲ, ಕಣ್ಣು ಮಾತ್ರ ಆಗಾಗ ಕೇಳುವವರ ಕಡೆ ಬರಬೇಕು.

ಆ ದಿನ

ಎತ್ತರದ ವೇದಿಕೆ, ಹೂವಿನ ಹಾರ, ಸಾಲು ಕುರ್ಚಿ ಬೇಡ. ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ಜಮಖಾನ ಹಾಸಿ ಸುತ್ತ ಕೂರಿಸಿ, ಹಿರಿಯರಿಗೆ ಮಾತ್ರ ಕುರ್ಚಿ. ನೂರು ಜನರೊಳಗಿದ್ದರೆ ಮೈಕ್ ಇಲ್ಲದೆಯೂ ಆಗುತ್ತದೆ. ಕುಡಿಯುವ ನೀರು, ಚುರುಮುರಿ–ಚಹಾ ಇಷ್ಟೇ ಖರ್ಚು.

ಸ್ವಾಗತ ಎರಡು ಮಾತಿನಲ್ಲಿ ಮುಗಿಯಲಿ. ಗಣ್ಯರು ಬಂದರೆ ಅವರೂ ಭಾಷಣದ ಬದಲು ತಮ್ಮ ಇಷ್ಟದ ಒಂದು ಪದ್ಯ ಓದಲಿ. ಇದನ್ನು ಆಮಂತ್ರಣದಲ್ಲೇ ವಿನಯದಿಂದ ಬರೆದರೆ ಯಾರೂ ಬೇಸರಿಸುವುದಿಲ್ಲ. ಅನುಕ್ರಮದಲ್ಲಿ ಮಕ್ಕಳನ್ನೆಲ್ಲ ಮೊದಲೇ ಮುಗಿಸಬೇಡಿ. ಒಂದು ಮಗು, ಒಬ್ಬ ಹಿರಿಯರು, ಹೀಗೆ ಹೆಣೆಯಿರಿ. ಏಳನೆಯ ತರಗತಿಯ ಹುಡುಗ ಬೀಸುವ ಪದ ಹೇಳಿದ ಬೆನ್ನಿಗೇ ಅದನ್ನು ಅವನಿಗೆ ಕಲಿಸಿದ ಅಜ್ಜಿ ತನ್ನ ದಾಟಿಯಲ್ಲಿ ಹಾಡಲಿ. ಸ್ವಂತ ಕವಿತೆ ಓದುವವರು ಮೊದಲು ಬೇರೆಯವರದೊಂದು ಕವಿತೆ ಓದಬೇಕು ಎಂಬ ಷರತ್ತನ್ನು ಸಡಿಲಿಸಬೇಡಿ. ಒಂದೂವರೆ ಗಂಟೆಗೆ ನಿಲ್ಲಿಸಿ. ಇನ್ನೂ ಹಾಡಬೇಕೆನ್ನುವವರು ಕಟ್ಟೆಯ ಮೇಲೆ ಮುಂದುವರಿಸಲಿ.

ಮುಗಿದ ಮೇಲೆ

ಮೊಬೈಲ್‌ನಲ್ಲಿ ಧ್ವನಿಮುದ್ರಣ ಮಾಡುವುದಾದರೆ ಹಾಡುವವರ ಒಪ್ಪಿಗೆ ಮೊದಲೇ ಪಡೆಯಿರಿ. ವಾಟ್ಸ್‌ಆ್ಯಪ್‌ಗೆ ಹಾಕುವ ಮುನ್ನ ಮತ್ತೊಮ್ಮೆ ಕೇಳಿ. ಮಕ್ಕಳು ಸಂಗ್ರಹಿಸಿದ ಪದಗಳನ್ನು ಅಂದವಾಗಿ ಒಂದು ಪುಸ್ತಕಕ್ಕೆ ಇಳಿಸಬೇಕು. ಪದದ ಜೊತೆ ಹೇಳಿದವರ ಹೆಸರು, ಯಾವಾಗ ಹಾಡುತ್ತಿದ್ದರು, ಯಾರಿಂದ ಕಲಿತರು ಎಂಬುದೂ ಇರಲಿ. ಬರೆಯುವಾಗ ಊರ ಮಾತನ್ನು ಪುಸ್ತಕದ ಭಾಷೆಗೆ ತಿದ್ದಬಾರದು, ತಿದ್ದಿದರೆ ಪದದ ಲಯವೇ ಮುರಿಯುತ್ತದೆ. ಒಂದು ಪ್ರತಿ ಶಾಲೆಯಲ್ಲಿ, ಇನ್ನೊಂದು ಅರಿವು ಕೇಂದ್ರದಲ್ಲಿ ಇಡಿ. ಕೊನೆಯ ಹಾಳೆಗಳನ್ನು ಖಾಲಿ ಬಿಡಿ. ಕಾರ್ಯಕ್ರಮ ಕೇಳಿದ ಮೇಲೆ ‘ನನಗೂ ಒಂದು ನೆನಪಾಯಿತು, ಬರೆದುಕೊಳ್ಳಿ’ ಎಂದು ಬರುವವರು ಇದ್ದೇ ಇರುತ್ತಾರೆ.