ಗದಗದ ಆಕಾಶದಲ್ಲಿ ನೀರೆಷ್ಟು? ನಾನು ಅಳೆಯುವ ರೀತಿ

ಮಳೆ ಎಷ್ಟಾಯ್ತು ಅಂತ ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ಗಾಳಿಯಲ್ಲಿ ನೀರೆಷ್ಟಿದೆ ಅಂತ ಕೇಳುವವರು ಕಡಿಮೆ. ನಾನು ಗದಗ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ಊರಲ್ಲಿ ಸ್ವಲ್ಪ ಎರಿ ಹೊಲವೂ ಇದೆ. ಕೆಲವು ವರ್ಷಗಳಿಂದ ಗಾಳಿಯಲ್ಲಿರುವ ನೀರಾವಿಯನ್ನು ಅಳೆದು ಬರೆದಿಡುತ್ತಿದ್ದೇನೆ. ಅದನ್ನು ಹೇಗೆ ಮಾಡ್ತೀರಿ, ಅದರಿಂದ ಏನು ಗೊತ್ತಾಗುತ್ತೆ ಅಂತ ಕೇಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೆ ಕೈ ಹಾಕಲು ಕಾರಣ ಆಷಾಢದ ಗಾಳಿ. ಪಡುವಣ ಗಾಳಿ ಹಗಲು ರಾತ್ರಿ ಬೀಸುತ್ತದೆ, ಕಪ್ಪತಗುಡ್ಡದ ಸಾಲಿನ ಫ್ಯಾನುಗಳು ನಿಲ್ಲದೆ ತಿರುಗುತ್ತವೆ, ಮೋಡ ತಲೆ ಮೇಲೆಯೇ ಓಡುತ್ತವೆ, ಹೆಸರು ಬಿತ್ತಿದವರು ಕತ್ತೆತ್ತಿ ನೋಡುತ್ತಾ ಕೂತಿರುತ್ತಾರೆ, ಬೀಳುವುದು ಮಾತ್ರ ಒಂದೆರಡು ತುಂತುರು. "ಮ್ಯಾಲ ಇಷ್ಟ ಮಾಡ ಐತಿ, ಕೆಳಗ ಯಾಕ ಬೀಳವಲ್ದು ತಮ್ಮಾ?" ಅಂತ ಪಕ್ಕದ ಹೊಲದ ಕಾಕಾ ಕೇಳಿದರು. ಪುಸ್ತಕದ ಉತ್ತರ ಗೊತ್ತಿತ್ತು. ಘಟ್ಟ ಮಳೆ ಇಳಿಸಿಕೊಳ್ಳುತ್ತದೆ, ನಾವು ಮಳೆ ನೆರಳಿನಲ್ಲಿದ್ದೇವೆ. ಆದರೆ ಘಟ್ಟ ದಾಟಿ ಬಂದ ಗಾಳಿಯಲ್ಲಿ ನೀರು ಉಳಿದಿರುತ್ತದೋ ಇಲ್ಲವೋ? ಮಳೆ ಬಾರದಿರುವುದು ನೀರಿಲ್ಲದೆಯೋ, ನೀರಿದ್ದೂ ಬೀಳದೆಯೋ? ಇವೆರಡೂ ಬೇರೆ ಬೇರೆ. ಮಳೆಮಾಪಕ ನೋಡಿ ಇದನ್ನು ಹೇಳಲು ಬರುವುದಿಲ್ಲ, ಅದು ಬಿದ್ದ ನೀರನ್ನಷ್ಟೇ ಲೆಕ್ಕ ಹಾಕುತ್ತದೆ.

ಮೊದಲು ಮಾಡಿದ್ದು ಹಳೇ ಪದ್ಧತಿ. ಎರಡು ಥರ್ಮಾಮೀಟರ್ ಪಕ್ಕ ಪಕ್ಕ, ಒಂದರ ಬುಡಕ್ಕೆ ಒದ್ದೆ ಬಟ್ಟೆ. ನೀರು ಆರುವಾಗ ಶಾಖ ಎಳೆದುಕೊಳ್ಳುತ್ತದೆ, ಹಾಗಾಗಿ ಒದ್ದೆಯದು ಕಡಿಮೆ ತೋರಿಸುತ್ತದೆ. ಗಾಳಿ ಒಣಗಿದಷ್ಟೂ ಎರಡರ ನಡುವಿನ ಅಂತರ ಜಾಸ್ತಿ. ಕೇಳಲು ಸುಲಭ, ಆದರೆ ಸರಿಯಾದ ಅಂಕಿ ಬರಬೇಕಾದರೆ ಬಟ್ಟೆ ಮತ್ತು ನೀರಿನ ಮೇಲೆ ನಿಗಾ ಬೇಕು. ಗಂಜಿ ಹೋಗುವಂತೆ ಚೆನ್ನಾಗಿ ತೊಳೆದ ತೆಳು ಹತ್ತಿ ಬಟ್ಟೆ ಆಗಬೇಕು. ನಮ್ಮ ಬೋರಿನ ನೀರು ಗಡಸು, ಅದನ್ನು ಹಾಕಿದರೆ ಬಟ್ಟೆಯ ಮೇಲೆ ಬಿಳಿ ಉಪ್ಪು ಕಟ್ಟಿ ನೀರು ಏರುವುದೇ ನಿಧಾನವಾಗುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ, ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ. ಒದ್ದೆ ಬಟ್ಟೆಗೆ ಗಾಳಿ ಹಾಯಬೇಕು, ಅದಕ್ಕೆ ಹಳೇ ಕಂಪ್ಯೂಟರಿನ ಸಣ್ಣ ಫ್ಯಾನ್ ಇಟ್ಟಿದ್ದೇನೆ. ಎಲ್ಲಾ ಸೇರಿ ಬಿಳಿ ಬಣ್ಣ ಬಳಿದ, ಜಾಲರಿ ಪಟ್ಟಿಗಳ ಮರದ ಪೆಟ್ಟಿಗೆಯಲ್ಲಿ. ಬಾಗಿಲು ಉತ್ತರಕ್ಕೆ ಇರಬೇಕು, ಇಲ್ಲದಿದ್ದರೆ ತೆಗೆದಾಗ ಬಿಸಿಲು ಒಳಗೆ ಬೀಳುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಜೂನ್ ಮಧ್ಯಾಹ್ನ ಒಣ ಥರ್ಮಾಮೀಟರ್ 32, ಒದ್ದೆಯದು 24 ಡಿಗ್ರಿ ಅಂದುಕೊಳ್ಳಿ. ನಮ್ಮ ಎತ್ತರಕ್ಕೆ ಲೆಕ್ಕ ಹಾಕಿದರೆ ಸಾಪೇಕ್ಷ ಆರ್ದ್ರತೆ, ಅಂದರೆ ಆ ಬಿಸಿಯಲ್ಲಿ ಗಾಳಿ ಹಿಡಿಯಬಲ್ಲಷ್ಟು ಆವಿಯಲ್ಲಿ ಈಗ ಇರುವ ಪಾಲು, ಸುಮಾರು ಶೇ. 52. ಒಂದು ಘನ ಮೀಟರ್ ಗಾಳಿಯಲ್ಲಿ 17-18 ಗ್ರಾಂ ನೀರು. ಹತ್ತು ಅಡಿ ಉದ್ದ, ಅಗಲ, ಎತ್ತರದ ಕೋಣೆಯ ಗಾಳಿಯಲ್ಲಿ ಅರ್ಧ ಲೀಟರ್ ನೀರು ಕಣ್ಣಿಗೆ ಕಾಣದೆ ನಿಂತಿದೆ! ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಂಬಲಿಲ್ಲ, ಅರ್ಧ ಲೀಟರ್ ಬಾಟಲಿಯನ್ನು ಮೇಜಿನ ಮೇಲಿಟ್ಟು ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿದೆ. ಅದೇ ಮಾರ್ಚ್ ಕೊನೆಯಲ್ಲಿ ಒಣ 38, ಒದ್ದೆ 20 ಬಂದರೆ ಆರ್ದ್ರತೆ ಶೇ. 20ರ ಒಳಗೆ, ನೀರು ಜೂನ್‌ನ ಅರ್ಧ.

ಆದರೆ ಇದು ನೆಲದ ಹತ್ತಿರದ ಗಾಳಿಯ ಮಾತು. ಮೋಡ ಹುಟ್ಟುವುದು ಮೇಲೆ ಅಲ್ವಾ? ನೆಲದಿಂದ ಆಕಾಶದ ತುದಿಯವರೆಗೆ ಒಂದು ಕಂಬದಂತೆ ಎಣಿಸಿ, ಅದರಲ್ಲಿನ ಆವಿಯನ್ನೆಲ್ಲ ನೀರು ಮಾಡಿದರೆ ಎಷ್ಟು ಮಿಲಿಮೀಟರ್ ನಿಲ್ಲುತ್ತದೆ ಅಂತ ನೋಡಬೇಕು. ಇಡೀ ಭೂಮಿಯ ಸರಾಸರಿ ಸುಮಾರು 25 ಮಿಲಿಮೀಟರ್. ನನಗೆ ಬೇಕಾದದ್ದು ಗದಗದ ಅಂಕಿ.

ಅದಕ್ಕೊಂದು ಅಗ್ಗದ ದಾರಿ ಇದೆ. ಅಮೆರಿಕದ ಫಾರೆಸ್ಟ್ ಮಿಮ್ಸ್ ಮತ್ತು ಜೊತೆಗಾರರು 2011ರಲ್ಲಿ ಅದನ್ನು ಪ್ರಕಟಿಸಿದರು. ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಅನ್ನು ಮೋಡವಿಲ್ಲದ ಕಡೆ ನೇರ ನೆತ್ತಿಗೆ ಹಿಡಿಯುವುದು, ಅಷ್ಟೇ. ನೀರಾವಿ ಶಾಖವನ್ನು ಹೀರುತ್ತದೆ ಅಂತ ಜಾನ್ ಟಿಂಡಲ್ 1859ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಹೀರುವುದು ಸೂಸಲೂಬೇಕು. ಮೇಲೆ ಆವಿ ಜಾಸ್ತಿ ಇದ್ದರೆ ಕೆಳಗೆ ಬರುವ ಶಾಖವೂ ಜಾಸ್ತಿ, ಗನ್ ತೋರಿಸುವ ಉಷ್ಣತೆಯೂ ಜಾಸ್ತಿ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕೆ ಬರುವುದಿಲ್ಲ, ಅದು ಮೈ ಬಿಸಿಯ ಆಸುಪಾಸು ಮಾತ್ರ ತೋರಿಸುತ್ತದೆ. ಮೈನಸ್ 50 ಡಿಗ್ರಿವರೆಗೆ ಓದುವ, ಕಾರ್ಖಾನೆಗಳಲ್ಲಿ ಬಳಸುವಂಥದ್ದು ಬೇಕು. ಹೊರಗೆ ನೆರಳಿನಲ್ಲಿ ಅರ್ಧ ಗಂಟೆ ಇಟ್ಟು ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ಹಿಡಿಯಬೇಕು. ಸೂರ್ಯನ ಕಡೆಗೆ ಮಾತ್ರ ತಿರುಗಿಸಬೇಡಿ.

ಡಿಸೆಂಬರ್ ಬೆಳಗ್ಗೆ ನಮ್ಮ ಶಾಲೆ ಅಂಗಳದಲ್ಲಿ ಹಿಡಿದರೆ ಮೈನಸ್ 20ರ ಆಸುಪಾಸು ಬರುತ್ತದೆ. ಜೂನ್ ಹೊತ್ತಿಗೆ ಸೊನ್ನೆ ದಾಟಿರುತ್ತದೆ. ಒಂದು ತೆಳು ಮೋಡ ಅಡ್ಡ ಬಂದರೂ ಅಂಕಿ ಜಿಗಿಯುತ್ತದೆ, ಆ ಓದನ್ನು ಬಿಟ್ಟುಬಿಡಬೇಕು.

ಡಿಗ್ರಿಯನ್ನು ಮಿಲಿಮೀಟರ್ ಮಾಡುವುದೇ ನಿಜವಾದ ಕೆಲಸ. ಹವಾಮಾನ ಇಲಾಖೆ ಪಣಜಿ, ಬೆಂಗಳೂರಿನಂಥ ಕೇಂದ್ರಗಳಿಂದ, ಮೇಲೇರುತ್ತಾ ಪ್ರತಿ ಎತ್ತರದ ಉಷ್ಣತೆ, ತೇವ ಅಳೆಯುವ ಬಲೂನು ಬಿಡುತ್ತದೆ, ಬೆಳಗ್ಗೆ 5:30 ಮತ್ತು ಸಂಜೆ 5:30ರ ಲೆಕ್ಕಕ್ಕೆ. ಆ ಅಂಕಿಗಳನ್ನು ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯ ಎಲ್ಲರಿಗೂ ಸಿಗುವಂತೆ ಅಂತರ್ಜಾಲದಲ್ಲಿ ಇಡುತ್ತದೆ. ಆದರೆ ಪಣಜಿ ಸಮುದ್ರದ ದಂಡೆ, ಗದಗ ಸುಮಾರು 650 ಮೀಟರ್ ಮೇಲೆ. ಆವಿ ಹೆಚ್ಚಿರುವುದೇ ಕೆಳಗಿನ ಪದರದಲ್ಲಿ. ಪಣಜಿಯ ಕಂಬದಲ್ಲಿ ಸುಮಾರು ಕಾಲು ಭಾಗ ನೀರು ನಮ್ಮ ಅಂಗಳಕ್ಕಿಂತ ಕೆಳಗೇ ಇರುತ್ತದೆ. ಹಾಗಾಗಿ ಬಲೂನಿನ ಪಟ್ಟಿಯಲ್ಲಿ 650 ಮೀಟರ್‌ನಿಂದ ಮೇಲಿನದನ್ನಷ್ಟೇ ಕೂಡಿಸುತ್ತೇನೆ. ಘಟ್ಟದ ಆಚೆ ಈಚೆ ಗಾಳಿ ಬೇರೆ ಇರುವ ಮುಂಗಾರಿನಲ್ಲಿ ಈ ಹೋಲಿಕೆ ನಡೆಯುವುದಿಲ್ಲ, ಆಗ ಉಪಗ್ರಹದ ಅಂಕಿ ನೋಡುತ್ತೇನೆ. ಗ್ರಾಫ್ ಹಾಳೆಯಲ್ಲಿ ಒಂದು ಕಡೆ ಗನ್ನಿನ ಡಿಗ್ರಿ, ಇನ್ನೊಂದು ಕಡೆ ಅದೇ ಹೊತ್ತಿನ ಈ ಮಿಲಿಮೀಟರ್ ಇಟ್ಟು ಚುಕ್ಕೆ ಹಾಕುತ್ತಾ ಹೋದಂತೆ ಒಂದು ಬಾಗಿದ ಗೆರೆ ತಾನಾಗಿ ಮೂಡುತ್ತದೆ. ಅದನ್ನು ನೋಡುವ ಖುಷಿಯೇ ಬೇರೆ.

ಈಗ ಕಾಕಾನ ಪ್ರಶ್ನೆಗೆ ಬರೋಣ. ಆಷಾಢದಲ್ಲಿ ಮೋಡ ಹರಿದ ಸಂದಿಯಲ್ಲಿ ಸಿಕ್ಕ ಓದುಗಳನ್ನು ನೋಡಿದರೆ ನಮ್ಮ ತಲೆ ಮೇಲೆ 40 ಮಿಲಿಮೀಟರ್‌ಗೂ ಮೇಲೆ ನೀರಿರುತ್ತದೆ. ಚಳಿಗಾಲದ ಎರಡು ಪಟ್ಟು. ಒಂದು ಮಿಲಿಮೀಟರ್ ಅಂದರೆ ಎಕರೆಗೆ ನಾಲ್ಕು ಸಾವಿರ ಲೀಟರ್, ಅಂದರೆ ಪ್ರತಿ ಎಕರೆಯ ಮೇಲೆ ಒಂದೂವರೆ ಲಕ್ಷ ಲೀಟರ್‌ಗೂ ಹೆಚ್ಚು. ನೀರು ಇದೆ. ಇಲ್ಲದಿರುವುದು ಅದನ್ನು ಮೇಲಕ್ಕೆತ್ತಿ ತಣಿಸುವ ಶಕ್ತಿ. ಘಟ್ಟ ಏರಿದಾಗ ತಣಿದು ಸುರಿದ ಗಾಳಿ ಈ ಕಡೆ ಇಳಿಯುವಾಗ ಬಿಸಿಯಾಗುತ್ತದೆ, ಮೋಡ ದಪ್ಪ ಕಟ್ಟುವುದಿಲ್ಲ, ಗಾಳಿ ಅದನ್ನು ಹೊತ್ತು ರಾಯಚೂರಿನ ಕಡೆ ಹೋಗುತ್ತದೆ. "ಹಂಗಾರ ನಮ್ಮ ಮ್ಯಾಲಿಂದ ಸುಮ್ನ ದಾಟಿ ಹೊಕ್ಕೈತಿ ಅನ್ನು" ಅಂದರು ಕಾಕಾ. ಹೌದು, ಹಾಗೇನೇ.

2017ರಲ್ಲಿ ಸರ್ಕಾರ ವರ್ಷಧಾರಿ ಹೆಸರಿನಲ್ಲಿ ಮೋಡ ಬಿತ್ತನೆ ಮಾಡಿದಾಗ ಎಷ್ಟೋ ಜನ ವಿಮಾನ ಮಳೆ ತರುತ್ತದೆ ಅಂದುಕೊಂಡಿದ್ದರು. ಬಿತ್ತನೆ ಹೊಸದಾಗಿ ನೀರು ಮಾಡಲಾರದು, ಮೊದಲೇ ಕಟ್ಟಿದ ಮೋಡಕ್ಕೆ ಒಂದು ನೂಕು ಕೊಡಬಲ್ಲದು ಅಷ್ಟೇ. ಯಾವ ದಿನ ಆವಿ ಎಷ್ಟಿತ್ತು ಅಂತ ಗೊತ್ತಿಲ್ಲದೆ ಅಂಥ ಕೆಲಸದ ಫಲವನ್ನು ಅಳೆಯುವುದು ಹೇಗೆ?

ಎರಡೂ ಉಪಕರಣ ಜೊತೆಗಿದ್ದರೆ ಹಿಂಗಾರಿಯಲ್ಲೂ ಉಪಯೋಗ. ಮೇಲಿನ ಆಕಾಶ ಒಣಗಿದ್ದರೆ ರಾತ್ರಿ ನೆಲದ ಬಿಸಿ ಬೇಗ ಹಾರಿಹೋಗುತ್ತದೆ. ಆಗ ನೆಲದ ಹತ್ತಿರ ಸ್ವಲ್ಪ ತೇವವಿದ್ದರೆ ಕಡ್ಲಿ ಮೇಲೆ ಇಬ್ಬನಿ ಕೂರುತ್ತದೆ. ಸಂಜೆ ಗನ್ನಿನ ಓದು ತೀರಾ ಕೆಳಗಿದ್ದು, ಒಣ-ಒದ್ದೆಯ ಅಂತರ ಕಡಿಮೆಯಿದ್ದರೆ ನಾನು ಮರುದಿನ ಬೆಳಗ್ಗೆ ಇಬ್ಬನಿ ನಿರೀಕ್ಷಿಸುತ್ತೇನೆ.

ಭೂಮಿಯ ಒಟ್ಟು ನೀರಿನಲ್ಲಿ ಗಾಳಿಯಲ್ಲಿರುವುದು ಲಕ್ಷಕ್ಕೆ ಒಂದು ಪಾಲಿನಷ್ಟು. ಆದರೆ ಒಮ್ಮೆ ಮೇಲೇರಿದ ಆವಿ ಸರಾಸರಿ ಒಂಬತ್ತು ದಿನಗಳಲ್ಲಿ ಮತ್ತೆ ಕೆಳಗಿಳಿಯುತ್ತದೆ, ಎಲ್ಲ ಮಳೆಯೂ ಈ ಸಣ್ಣ ಪಾಲಿನ ಮೂಲಕವೇ ಬರಬೇಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ಆವಿ ಹಿಡಿಯಬಲ್ಲದು. ಭೂಮಿ ಬಿಸಿಯಾಗುತ್ತಿರುವಾಗ ಇದು ನಮಗೆ ನೇರ ಸಂಬಂಧಿಸಿದ ವಿಷಯ: ಬಿದ್ದರೆ ಒಮ್ಮೆಲೇ ಸುರಿಯುತ್ತದೆ, ಬೀಳದಿದ್ದಾಗ ಹೊಲದ ತೇವವನ್ನು ಜಾಸ್ತಿ ಹೀರುತ್ತದೆ.

ದೊಡ್ಡ ಮಟ್ಟದಲ್ಲಿ ನಮ್ಮವರು ಇದನ್ನು ಬಿಟ್ಟಿಲ್ಲ. ಇಸ್ರೋ ಮತ್ತು ಫ್ರಾನ್ಸ್ ಸೇರಿ 2011ರಲ್ಲಿ ಹಾರಿಸಿದ ಮೇಘಾ ಟ್ರಾಪಿಕ್ಸ್ ಉಷ್ಣವಲಯದ ಆವಿಯನ್ನು ಪದರ ಪದರವಾಗಿ ನೋಡಿತು, 2023ರ ಮಾರ್ಚ್‌ನಲ್ಲಿ ಅದನ್ನು ಪೆಸಿಫಿಕ್ ಸಾಗರದ ಮೇಲೆ ಇಳಿಸಿದರು. ಇನ್ಸಾಟ್ ಸಾಲಿನ ಉಪಗ್ರಹಗಳು ಈಗಲೂ ನೋಡುತ್ತಿವೆ. ನನಗೆ ಹೆಚ್ಚು ಆಸೆಯಿರುವುದು ಜಿಪಿಎಸ್ ಮೇಲೆ. ಆವಿ ಜಿಪಿಎಸ್ ಸಂಕೇತವನ್ನು ತುಸು ತಡ ಮಾಡುತ್ತದೆ, ಒಂದು ಮಿಲಿಮೀಟರ್ ನೀರಿಗೆ ಆರೂವರೆ ಮಿಲಿಮೀಟರ್ ಹೆಚ್ಚು ದೂರ ಬಂದಂತೆ ಕಾಣುತ್ತದೆ. ಹಗಲು, ರಾತ್ರಿ, ಮೋಡ, ಯಾವುದರ ಅಡ್ಡಿಯೂ ಇಲ್ಲ. ಜಮೀನು ಅಳತೆಗೆಂದು ಸರ್ವೇ ಆಫ್ ಇಂಡಿಯಾ ನಿಲ್ಲಿಸಿರುವ ಜಿಪಿಎಸ್ ನಿಲ್ದಾಣಗಳಿಂದ ಘಟ್ಟದಿಂದ ಬಯಲುಸೀಮೆಯವರೆಗಿನ ಆವಿಯ ಲೆಕ್ಕವೂ ಹೊರಬಂದು ರೈತರಿಗೆ ಸಿಗುವಂತಾದರೆ ಆಷಾಢದ ಆಕಾಶವನ್ನು ಗಂಟೆ ಗಂಟೆಗೂ ಓದಬಹುದು. ಇದು ಆಗಲೇಬೇಕು ಅಂತ ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಶುರು ಮಾಡುವವರು ನವೆಂಬರ್ ಕೊನೆಯಲ್ಲಿ ಮಾಡಿ. ಆಕಾಶ ತಿಳಿಯಾಗಿರುತ್ತದೆ, ಹೋಲಿಸಿ ನೋಡಲು ಓದುಗಳು ಬೇಗ ಸಿಗುತ್ತವೆ. ದಿನಾ ಒಂದೇ ಹೊತ್ತು, ಒಂದೇ ಜಾಗ, ಮತ್ತು ಗನ್ ಬದಲಿಸಿದರೆ ಹಳೆಯದರ ಪಕ್ಕದಲ್ಲೇ ಹಿಡಿದು ಎರಡರ ವ್ಯತ್ಯಾಸವನ್ನು ವಹಿಯಲ್ಲಿ ಬರೆದುಕೊಳ್ಳಿ. ಮೋಡವಿದ್ದ ದಿನ ಜಾಗ ಖಾಲಿ ಬಿಡದೆ "ಮೋಡ" ಅಂತಲೇ ಬರೆಯಿರಿ. ಧಾರವಾಡ, ಹಾವೇರಿ, ಬ್ಯಾಡಗಿ ಕಡೆಯ ಶಾಲೆಗಳು ಸೇರಿದರೆ ಒಂದೇ ಬೆಳಗಿನ ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ನೋಡುವುದು ನನ್ನ ಮುಂದಿನ ಕೆಲಸ.