ಹವ್ಯಾಸಿ ನಾಟಕದ ಪಾತ್ರ ಆಯ್ಕೆಗೆ ಹೋಗುವ ಮುನ್ನ

ದಾವಣಗೆರೆಯ ನಮ್ಮ ಹವ್ಯಾಸಿ ತಂಡಕ್ಕೆ ನಾನು ಮೊದಲು ಹೋದದ್ದು ಬಟ್ಟೆ ಹೊಲಿಯಲು. ರಾಜನ ಅಂಗಿಗೆ ಜರಿ ಹಚ್ಚುತ್ತಾ ಮೂಲೆಯಲ್ಲಿ ಕೂತವಳಿಗೆ ಎಲ್ಲರ ಮಾತೂ ಬಾಯಿಪಾಠವಾಗಿಬಿಟ್ಟಿತು. ಮುಂದಿನ ವರ್ಷ ಪಾತ್ರ ಆಯ್ಕೆಗೆ ನಾನೂ ನಿಂತೆ. ಒನಕೆ ಓಬವ್ವನ ನಾಲ್ಕು ಮಾತು ಕಲಿತು ಹೋಗಿದ್ದೆ. ಬರಿಗೈಯಲ್ಲೇ ಒನಕೆ ಬೀಸಿ ಕೂಗಿದೆ, ಮೂರನೇ ಮಾತಿಗೆ ಗಂಟಲು ಒಡೆಯಿತು. ನಿರ್ದೇಶಕರು ಗದರಲಿಲ್ಲ. "ತಂಗೀ, ಕಿಂಡಿ ಕಡೆಯಿಂದ ನಿನಗೆ ಏನು ಸದ್ದು ಕೇಳಿಸ್ತು?" ಎಂದರು. ನನಗೆ ಏನೂ ಕೇಳಿಸಿರಲಿಲ್ಲ. ಗಂಡ ಉಣ್ಣುತ್ತಿದ್ದಾಗ ನೀರು ತರಲು ಹೋದ ಹೆಂಗಸು ಆ ಸದ್ದಿಗೆ ಕಿವಿಗೊಟ್ಟಳು, ಒನಕೆ ಎತ್ತಿದ್ದು ಆಮೇಲೆ. ನಾನು ನೇರ ಒನಕೆಗೇ ಕೈ ಹಾಕಿದ್ದೆ.

ಈಗ ಆಯ್ಕೆಯ ದಿನ ನಿರ್ದೇಶಕರ ಪಕ್ಕದಲ್ಲಿ ಕೂರುತ್ತೇನೆ. ಹೊಸಬರಲ್ಲಿ ನಾನು ಮೊದಲು ನೋಡುವುದೂ ಅದನ್ನೇ: ಎದುರಿಗಿರುವವರ ಮಾತನ್ನು ಕೇಳಿಸಿಕೊಳ್ಳುತ್ತಾರೋ, ತಮ್ಮ ಸರದಿಗೆ ಕಾಯುತ್ತಾ ನಿಂತಿರುತ್ತಾರೋ.

ಸಾಮಾನ್ಯವಾಗಿ ನಿಮ್ಮ ಕೈಗೆ ಒಂದು ದೃಶ್ಯದ ಜೆರಾಕ್ಸ್ ಕೊಟ್ಟು ಇಬ್ಬರನ್ನು ನಿಲ್ಲಿಸಿ ಓದಿಸುತ್ತಾರೆ. ಕೊಟ್ಟ ಕೂಡಲೇ ನಿಮ್ಮ ಮಾತಿಗೆ ಗೆರೆ ಎಳೆಯಲು ಹೋಗಬೇಡಿ. ಇಡೀ ದೃಶ್ಯವನ್ನು ಒಮ್ಮೆ ಮನಸ್ಸಿನಲ್ಲೇ ಓದಿ, ಈ ಮನುಷ್ಯನಿಗೆ ಎದುರಿಗಿರುವವನಿಂದ ಏನು ಬೇಕಾಗಿದೆ ಎಂದು ಹುಡುಕಿ. ಸಾಲವೋ, ಕ್ಷಮೆಯೋ, ಬರೀ ಒಂದು ಲೋಟ ನೀರೋ? ಅದು ಗೊತ್ತಾದರೆ ದನಿ ತಾನಾಗಿ ಬರುತ್ತದೆ. ತಿಳಿಯದಿದ್ದರೆ ಕೇಳಿ. "ಸರ್, ಇವರಿಬ್ಬರೂ ಮೊದಲಿಂದ ಪರಿಚಯದವರಾ?" ಎಂದು ಕೇಳಿದವರನ್ನು ಯಾವ ನಿರ್ದೇಶಕರೂ ದಡ್ಡರೆನ್ನುವುದಿಲ್ಲ.

ಹಾಳೆ ಎದೆಯ ಮಟ್ಟದಲ್ಲಿರಲಿ, ಮುಖಕ್ಕೆ ಅಡ್ಡ ಬಾರದಿರಲಿ. ಓದುತ್ತಿರುವ ಸಾಲಿನ ಪಕ್ಕ ಹೆಬ್ಬೆರಳು ಇಟ್ಟುಕೊಳ್ಳಿ. ವಾಕ್ಯದ ಕೊನೆಯ ಎರಡು ಪದ ಕಣ್ಣಿಗೆ ಸಿಕ್ಕ ಮೇಲೆ ತಲೆಯೆತ್ತಿ, ಅವನ್ನು ಎದುರಿನವರ ಮುಖ ನೋಡಿ ಹೇಳಿ. ಅವರು ಮಾತಾಡುವಾಗ ಹಾಳೆ ನೋಡಬೇಡಿ, ಅವರನ್ನೇ ನೋಡಿ. ನಿಮ್ಮ ಮಾತು ಹುಡುಕಲು ಅರೆಗಳಿಗೆ ತಡವಾದರೆ ಆಗಲಿ, ಬೆರಳು ಜಾಗ ಬಿಟ್ಟಿರುವುದಿಲ್ಲ.

ಉಚ್ಚಾರಣೆಗೆ ಮಾತ್ರ ಹದಿನೈದು ದಿನ ಮೊದಲೇ ಕೂರಬೇಕು. ತುಂಬಾ ಜನ ಸೋಲುವುದು ಇಲ್ಲೇ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು 'ಕ' ಅನ್ನಿ, ಆಮೇಲೆ 'ಖ' ಅನ್ನಿ. 'ಖ'ಕ್ಕೆ ಉಸಿರು ಅಂಗೈಗೆ ಜೋರಾಗಿ ತಾಗಬೇಕು, ಇಲ್ಲವಾದರೆ ಅದು 'ಕ'ನೇ. 'ಸ'ಕ್ಕೆ ನಾಲಿಗೆಯ ತುದಿ ಹಲ್ಲಿನ ಹಿಂದೆ ಬರುತ್ತದೆ, 'ಶ'ಕ್ಕೆ ನಾಲಿಗೆ ಅಂಗುಳದ ಕಡೆ ಏರುತ್ತದೆ. ಶಂಕರ ಸಂಕರನಾದರೆ ಹೆಸರಿನ ಅರ್ಥವೇ ಕೆಡುತ್ತದೆ. ಅಕ್ಕಿ-ಹಕ್ಕಿ, ಆರು-ಹಾರು, ಎಸರು-ಹೆಸರು, ಇವನ್ನು ಅಡುಗೆಮನೆಯಲ್ಲಿ ನಿಂತೇ ಹೇಳಬಹುದು. ನಾನು ಹೊಲಿಗೆ ಮಷಿನ್ ಸದ್ದಿನ ಮೇಲೆ ಹೇಳಿಕೊಳ್ಳುತ್ತಿದ್ದೆ. ಆ ಸದ್ದನ್ನು ದಾಟಿ ಪಕ್ಕದ ಕೋಣೆಯ ಮಗಳಿಗೆ ಪದ ಬಿಡಿಬಿಡಿಯಾಗಿ ಕೇಳಬೇಕು, ಗಂಟಲು ಮಾತ್ರ ಬಿಗಿಯಬಾರದು. ಹೊಟ್ಟೆಯಿಂದ ಉಸಿರು ಬಂದರೆ ಅದು ಸಾಧ್ಯ.

ಹಾಗಂತ ನಮ್ಮ ಸೀಮೆಯ ಮಾತನ್ನು ಮುಚ್ಚಿಡಬೇಡಿ. "ನಿಮ್ಮದೇ ಏನಾದರೂ ಮಾಡಿ" ಅಂದಾಗ ಸಿನಿಮಾ ಡೈಲಾಗ್ ಬೇಡ. ಆ ನಟರ ದನಿ ನಮ್ಮ ಕಿವಿಯಲ್ಲಿ ಮೊದಲೇ ಕೂತಿರುತ್ತದೆ, ನಿಮ್ಮ ದನಿ ಒಳಗೆ ಬರಲು ಜಾಗವಿರುವುದಿಲ್ಲ. ಅಜ್ಜಿ ಹೇಳಿದ ಒಂದು ಕಥೆಯನ್ನು ಎರಡು ನಿಮಿಷಕ್ಕೆ ಇಳಿಸಿ, ಅಜ್ಜಿಯ ಮಾತಿನಲ್ಲೇ ಹೇಳಿ. ಒಮ್ಮೆ ಜಗಳೂರು ಕಡೆಯ ಹುಡುಗನೊಬ್ಬ ಕಳೆದುಹೋದ ಎಮ್ಮೆಯನ್ನು ಹುಡುಕಿದ ಕಥೆ ಹೇಳಿದ. ಎಮ್ಮೆ ಸಿಕ್ಕಿತೋ ಇಲ್ಲವೋ ಎಂದು ನಾವೆಲ್ಲ ಪೆನ್ನು ಕೆಳಗಿಟ್ಟು ಕೇಳುತ್ತಾ ಕೂತಿದ್ದೆವು. ಪಾತ್ರ ಅವನಿಗೇ ಹೋಯಿತು.

ಹಾಡಿಸಿದರೆ ಒಂದು ಪಲ್ಲವಿ ಸಾಕು. ಹಾರ್ಮೋನಿಯಂನಲ್ಲಿ ನಿಮ್ಮ ಶ್ರುತಿ ಯಾವುದೆಂದು ಮೊದಲೇ ತಿಳಿದುಕೊಳ್ಳಿ. ನನ್ನದು ಬಿಳಿ ಐದು, ಅಂದರೆ ಐದನೇ ಬಿಳಿ ಮನೆ. ಅದನ್ನು ಹೇಳಿದರೆ ನುಡಿಸುವವರಿಗೂ ನಿರಾಳ.

ಬಳೆ, ಗೆಜ್ಜೆ ಮನೆಯಲ್ಲಿರಲಿ. ಕೂದಲು ಹಣೆ ಬಿಟ್ಟಿರಲಿ, ನೆಲದ ಮೇಲೆ ಕೂತು ಏಳಲು ಬರುವ ಬಟ್ಟೆ ಇರಲಿ. ಸಂಜೆ ಎಲ್ಲರಿಗೂ ಮಂಡಕ್ಕಿ-ಮಿರ್ಚಿ ತರಿಸುತ್ತಾರೆ, ನಿಮ್ಮ ಸರದಿ ಮುಗಿಯುವವರೆಗೆ ಮುಟ್ಟಬೇಡಿ. ಆ ಖಾರದ ಪುಡಿ ಗಂಟಲಿಗೆ ಸಿಕ್ಕಿ ಕೆಮ್ಮು ಬಂದರೆ ಬೇಗ ನಿಲ್ಲುವುದಿಲ್ಲ.

ದಿನಾಂಕದ ವಿಷಯದಲ್ಲಿ ಸುಳ್ಳು ಹೇಳಬೇಡಿ, ಇದು ನನ್ನ ಕಳಕಳಿಯ ಮಾತು. ನಮ್ಮಲ್ಲಿ ತಾಲೀಮು ಸುಮಾರು ನಲವತ್ತು ಸಂಜೆ ನಡೆಯುತ್ತದೆ. ಅಂಗಡಿ ಮುಚ್ಚಿ ಬರುವವರು, ಕಾಲೇಜು ಮುಗಿಸಿ ಬರುವವರು, ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬರುವವರು ಇದ್ದಾರೆ. ಒಬ್ಬರು ಬಾರದಿದ್ದರೆ ಉಳಿದವರು ಗಾಳಿಯ ಜೊತೆ ಮಾತಾಡಬೇಕು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯಲ್ಲಿ ಮನೆ ತುಂಬ ನೆಂಟರಿದ್ದರೆ, ತಂಗಿಯ ಮದುವೆ ಇದ್ದರೆ, ಆಯ್ಕೆಯ ದಿನವೇ ಬರೆದುಕೊಡಿ. ಅದಕ್ಕಾಗಿ ನಾವು ಯಾರನ್ನೂ ಕೈಬಿಟ್ಟಿಲ್ಲ. ಮುಚ್ಚಿಟ್ಟು ಪ್ರದರ್ಶನಕ್ಕೆ ವಾರವಿರುವಾಗ ಹೇಳಿದವರಿಂದ ಒಮ್ಮೆ ಇಡೀ ನಾಟಕವನ್ನೇ ನಿಲ್ಲಿಸಬೇಕಾಯಿತು.

ಸಮಯವಿದ್ದರೆ ಮೊದಲು ನಾಟಕ ನೋಡಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನವೆಂಬರ್ ತಿಂಗಳಲ್ಲಿ ನಾಟಕೋತ್ಸವ ನಡೆಯುತ್ತದೆ. ಅಲ್ಲಿಯ ಶಿವಸಂಚಾರ ನಾಟಕ ತಂಡ 1997ರಿಂದ ಊರೂರು ಸುತ್ತುತ್ತಿದೆ. ಬಯಲು ರಂಗಮಂದಿರದ ಮೇಲಿನ ಮೆಟ್ಟಿಲಲ್ಲಿ ಕೂತು, ಮಾತಿಲ್ಲದೆ ನಿಂತಿರುವ ನಟರನ್ನೇ ಗಮನಿಸಿ. ಅವರು ಮಾತಾಡುತ್ತಿರುವವರನ್ನು ಹೇಗೆ ನೋಡುತ್ತಾರೆ, ಯಾವ ಮಾತಿಗೆ ತಲೆ ತಿರುಗಿಸುತ್ತಾರೆ ಎಂಬುದನ್ನು ನೋಡಿ.

ಪಾತ್ರ ಸಿಗದಿದ್ದರೆ ಮಾರನೆಯ ದಿನ ಹೋಗಿ "ಪ್ರಾಂಪ್ಟಿಂಗ್ ಮಾಡ್ತೀನಿ ಸರ್" ಅನ್ನಿ. ಮಾತು ಮರೆತ ನಟರಿಗೆ ಮರೆಯಿಂದ ಹೇಳಿಕೊಡುವ ಕೆಲಸ ಅದು. ಓಬವ್ವನ ಪಾತ್ರ ನನಗೆ ಸಿಗಲಿಲ್ಲ. ಆ ವರ್ಷ ರಂಗದ ಪಕ್ಕದ ಮರೆಯಲ್ಲಿ, ಸೈಡ್ ವಿಂಗ್‌ನಲ್ಲಿ ಪುಸ್ತಕ ಹಿಡಿದು ಕೂತೆ. ಎರಡನೇ ಪ್ರದರ್ಶನದ ದಿನ ನೆರೆಮನೆಯ ಅವ್ವನ ಪಾತ್ರದವರಿಗೆ ಜ್ವರ ಬಂತು. ಇದ್ದದ್ದು ನಾಲ್ಕೇ ಮಾತು. ನಾನೇ ಹೊಲಿದಿದ್ದ ಕುಪ್ಪಸ ತೊಟ್ಟು, ಅವರ ಸೀರೆ ಉಟ್ಟು ರಂಗಕ್ಕೆ ಹೋದೆ.