ಆಡಿಕೊಳ್ಳುವ ಕಡೆ ಲೆಕ್ಕ ಸುಳ್ಳಾಗುತ್ತದೆ: ಸಂಘದ ಸಾಲ ಕೊಡುವಾಗ ನಾವು ಮಾಡಿದ್ದು

ಮಂಡ್ಯ ಕಡೆಯ ಸ್ವಸಹಾಯ ಸಂಘಗಳ ಸಾಲದ ಅರ್ಜಿಯಲ್ಲಿ ‘ಉದ್ದೇಶ’ ಅಂತ ಒಂದು ಕಾಲಂ ಇರುತ್ತದೆ. ಅಲ್ಲಿ ಹೆಚ್ಚಾಗಿ ಕಾಣುವುದು ‘ಹಸು ಕೊಳ್ಳಲು’. ಆ ಹಸುಗಳಲ್ಲಿ ಎಷ್ಟೋ ಕೊಟ್ಟಿಗೆಗೆ ಬಂದೇ ಇರುವುದಿಲ್ಲ. ದುಡ್ಡು ಮಗಳ ಬಾಣಂತನಕ್ಕೋ, ಬೀಗರೂಟಕ್ಕೋ, ಹಳೇ ಕೈಸಾಲಕ್ಕೋ ಹೋಗಿರುತ್ತದೆ. ಕಂತನ್ನು ಮಾತ್ರ ಹಾಲಿನ ಬಟವಾಡೆ ನಂಬಿ ಕಟ್ಟಿರುತ್ತೇವೆ. ಹಸುವೇ ಇಲ್ಲದ ಮೇಲೆ ಬಟವಾಡೆ ಎಲ್ಲಿಂದ ಬರಬೇಕು? ಎರಡು ಮೂರು ಕಂತಿಗೇ ಸಾಲ ನಿಲ್ಲುತ್ತದೆ. ಸುಳ್ಳು ಬರೆಸಿದವಳದ್ದು ಕೆಟ್ಟ ಬುದ್ಧಿಯಲ್ಲ. ನಿಜ ಹೇಳಿದರೆ ಸಭೆಯಲ್ಲಿ ಕೂತವರು ಏನಂದಾರೋ ಅನ್ನುವ ಭಯ ಅದು.

ಈ ಭಯ ಹೋಗದೆ ಪುಸ್ತಕ ಸರಿಹೋಗುವುದಿಲ್ಲ ಅಂತ ಗೊತ್ತಾದ ಮೇಲೆ ಕ್ರಮ ಬದಲಿಸಿದೆವು. ಸಾಲ ಕೇಳಿದವಳನ್ನು ಮೊದಲು ‘ಯಾಕೆ’ ಅಂತ ಕೇಳುವುದಿಲ್ಲ. ಎಷ್ಟು, ಯಾವ ದುಡ್ಡಿನಿಂದ ತೀರುತ್ತದೆ, ಆ ದುಡ್ಡು ಯಾವಾಗ ಬರುತ್ತದೆ, ಇಷ್ಟೇ ಕೇಳುವುದು. ಉದ್ದೇಶದ ಕಾಲಂ ಕೊನೆಯಲ್ಲಿ ತುಂಬುತ್ತೇವೆ. ಅದನ್ನು ಪುಸ್ತಕ ಬರೆಯುವವರು ಮತ್ತು ಇಬ್ಬರು ಪ್ರತಿನಿಧಿಗಳ ಮುಂದೆ ಮಾತ್ರ ಬರೆಸುತ್ತೇವೆ. ನಡಾವಳಿಗೆ ‘ಮನೆ ಖರ್ಚು’ ಅಂತ ಬರೆದರೂ ಸಂಘದೊಳಗಿನ ಸಾಲಕ್ಕೆ ಸಾಕು.

ಜೊತೆಗೆ ಪ್ರತಿ ಸದಸ್ಯೆಗೂ ಎರಡು ಪುಟದ ವರ್ಷದ ಲೆಕ್ಕ ಇಡುತ್ತೇವೆ. ಜನವರಿ, ಫೆಬ್ರುವರಿ ಅಂತ ಶುರುಮಾಡಿದರೆ ಯಾರಿಗೂ ನೆನಪು ಹತ್ತುವುದಿಲ್ಲ. ಸಂಕ್ರಾಂತಿ, ಯುಗಾದಿ, ಗೌರಿ ಹಬ್ಬ, ಮಾರ್ನಮಿ, ದೀಪಾವಳಿ ಅಂತ ಹಬ್ಬಗಳನ್ನು ಮೊದಲು ಬರೆದುಕೊಂಡು, ಮಧ್ಯದ ಜಾಗದಲ್ಲಿ ಬಂದ ದುಡ್ಡು ಎಡಕ್ಕೆ, ಹೋದ ದುಡ್ಡು ಬಲಕ್ಕೆ ತುಂಬಬೇಕು. ಸದಸ್ಯೆಯೇ ಹೇಳಬೇಕು, ಪಕ್ಕದವರು ಬಾಯಿ ಹಾಕಬಾರದು. ಒಬ್ಬರ ಲೆಕ್ಕಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಅವಸರ ಮಾಡಿದರೆ ಕೈಸಾಲ ಬಿಟ್ಟುಹೋಗುತ್ತದೆ.

ಎಡಗಡೆ ಭರ್ತಿಯಾದಾಗ ಊರಿನವರು ಯಾಕೆ ಆಡಿಕೊಳ್ಳುತ್ತಾರೆ ಅನ್ನುವುದೂ ಕಾಣುತ್ತದೆ. ಖರ್ಚು ಬೀದಿಗೆ ಕಾಣುತ್ತದೆ, ದುಡ್ಡು ಬರುವ ಕಾಲ ಕಾಣುವುದಿಲ್ಲ. ನಾಲೆ ಬಯಲಿನ ಕಬ್ಬಿನ ಮನೆ ನೋಡಿ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದ ವಾರ ಒಂದು ಲಕ್ಷ ಕೈಯಲ್ಲಿದ್ದರೆ, ಬೈಕು ಕೊಂಡರು, ಗೋಡೆಗೆ ಬಣ್ಣ ಹೊಡೆಸಿದರು ಅಂತ ಮಾತು ಏಳುತ್ತದೆ. ನೆಟ್ಟಲ್ಲಿಂದ ಕಟಾವಿಗೆ 12 ತಿಂಗಳು, ಕಟಾವಿನ ಸರದಿಗೂ ಬಿಲ್ಲಿಗೂ ಇನ್ನೆರಡು ಅಂತಿಟ್ಟುಕೊಂಡರೆ, ಲಕ್ಷವನ್ನು 14ರಿಂದ ಭಾಗಿಸಿದಾಗ ತಿಂಗಳಿಗೆ ಸುಮಾರು 7,140 ರೂಪಾಯಿ. ಮುಂದಿನ ಬೆಳೆಯ ಗೊಬ್ಬರ, ಆಳು ಅದರಲ್ಲೇ ಆಗಬೇಕು. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಆದರೂ ಕಂತನ್ನು ಹದಿನೈದನೇ ದಿನಕ್ಕೆ ಇಡಬೇಡಿ, ಎರಡು ತಿಂಗಳು ಬಿಟ್ಟೇ ಇಡಿ.

ರೇಷ್ಮೆಯದು ಇನ್ನೊಂದು ಬಗೆ. ಮಳವಳ್ಳಿ, ಮದ್ದೂರು ಕಡೆ 100 ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲ ಸೇರಿ ಇಲ್ಲಿ ಒಂದು ಲೆಕ್ಕ) ಮೇಯಿಸಿ 65 ಕೆಜಿ ಗೂಡು ಬಿಡಿಸಿ, ಕೆಜಿಗೆ 400 ಸಿಕ್ಕಿತು ಅಂದುಕೊಳ್ಳಿ. 26,000 ಅನ್ನುವುದು ಊರಿಗೆಲ್ಲ ಗೊತ್ತಾಗುತ್ತದೆ. ಚಾಕಿ ಹುಳು (ಎಳೆ ಹುಳು), ಆಳು, ಸುಣ್ಣ, ಬ್ಲೀಚಿಂಗ್ ಪೌಡರು, ರಾಮನಗರದ ಮಾರುಕಟ್ಟೆಗೆ ಗಾಡಿ ಬಾಡಿಗೆ, ಇವು ಯಾರಿಗೂ ಗೊತ್ತಾಗುವುದಿಲ್ಲ. ಹಾಲು ರೋಗವೋ ಸುಣ್ಣಕಟ್ಟು ರೋಗವೋ ಬಡಿದು ಬೆಳೆ ಪೂರ್ತಿ ಹೋದ ಸಲವಂತೂ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ರೇಷ್ಮೆ ಮನೆಗೆ ಹಿಂದಿನ ಐದು ಬೆಳೆ ಬರೆಸಿ ಸರಾಸರಿ ತೆಗೆಯುತ್ತೇವೆ, ಕೈಗೆ ಹತ್ತದ ಬೆಳೆಗೆ ಸೊನ್ನೆ ಹಾಕಿಯೇ.

ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳ ಸಂಪಾದನೆ ಬಗ್ಗೆ ಬರುವ ಮಾತು ಕೇಳಲಾಗದು. ‘ತಿಂಗಳಿಗೆ 12,000 ತಗೋತಾಳೆ, ಎಲ್ಲೋಯ್ತದೆ?’ ಅನ್ನುತ್ತಾರೆ. ಸಂಬಳದ ಚೀಟಿ ತರಿಸಿ. ಪೂರ್ತಿ 12,000ಕ್ಕೂ ಪಿಎಫ್ (ಭವಿಷ್ಯ ನಿಧಿ) ಹಿಡಿದರೆ ಶೇ. 12ರಂತೆ 1,440, ಇಎಸ್‌ಐ (ಕಾರ್ಮಿಕರ ವಿಮೆ) ಶೇ. 0.75ರಂತೆ 90 ಹೋಗಿ ಕೈಗೆ 10,470. ಪಿಎಫ್ ಅವಳ ಉಳಿತಾಯ. ಅದನ್ನು ಬೇರೆ ಸಾಲಿನಲ್ಲಿ ಬರೆಯಬೇಕು.

ಬಲಗಡೆಯಲ್ಲಿ ಮುಖ್ಯವಾದದ್ದು ಮುಯ್ಯಿ, ಅಂದರೆ ಮದುವೆ ಮನೆಗೆ ಹಾಕುವ ಉಡುಗೊರೆ ದುಡ್ಡು. ಮದುವೆಗೆ ಎರಡು ಲಕ್ಷ ಸುರಿದರು ಅಂತ ಬೈಯುವ ಮೊದಲು ಆ ಮನೆಯ ಮುಯ್ಯಿ ಪುಸ್ತಕ ತೆರೆಯಬೇಕು. ಇಷ್ಟು ವರ್ಷ ಬೇರೆಯವರ ಮನೆಗೆ ಹಾಕಿದ್ದು ಈ ಮದುವೆಯಲ್ಲಿ ಒಂದಷ್ಟು ತಿರುಗಿ ಬರುತ್ತದೆ. ಬಂದದ್ದನ್ನು ಮುಂದೆ ತೀರಿಸಲೂ ಬೇಕು. ಹಾಗಾಗಿ ಮುಯ್ಯಿಯನ್ನು ಆದಾಯಕ್ಕೂ ಸೇರಿಸದೆ ಖರ್ಚಿಗೂ ಸೇರಿಸದೆ ಪ್ರತ್ಯೇಕ ಪುಟದಲ್ಲಿಡುತ್ತೇವೆ. ನಾವು ಮೊದಲು ಇದನ್ನು ಆದಾಯಕ್ಕೆ ಸೇರಿಸಿ ತಪ್ಪು ಮಾಡಿದೆವು; ಮದುವೆಯಾದ ಮನೆ ಕಾಗದದ ಮೇಲೆ ಗಟ್ಟಿಯಾಗಿ ಕಂಡಿತು, ಅಳತೆ ಮೀರಿ ಸಾಲ ಹೋಯಿತು.

ಗೃಹಲಕ್ಷ್ಮಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಶುರುವಾಯಿತು. ಆ 2,000 ರೂಪಾಯಿಯಲ್ಲಿ ಒಬ್ಬಳು ಸೀರೆ ತಂದರೆ ‘ಸರ್ಕಾರದ ದುಡ್ಡು’ ಅಂತ ಊರೆಲ್ಲ ನೆನಪಿಸುತ್ತದೆ. ಹಾಲಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಸರ್ಕಾರದ್ದೇ. ದಿನಕ್ಕೆ 10 ಲೀಟರು ಹಾಕುವ ಮನೆಗೆ ತಿಂಗಳಿಗೆ 1,500 ಆಗುತ್ತದೆ. ಅದರಲ್ಲಿ ಏನು ಕೊಂಡಿರಿ ಅಂತ ಯಾರನ್ನೂ ಕೇಳಿದ್ದು ನಾವು ಕಂಡಿಲ್ಲ. ದಿನಕ್ಕೆ 30 ರೂಪಾಯಿಯ ಟೀ, ಬೀಡಿ ವರ್ಷಕ್ಕೆ 10,950. ಚಿಲ್ಲರೆಯಾಗಿ ಹೋಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ, ಹಬ್ಬಕ್ಕೆ ತಂದ ಸೀರೆ ಬೀಳುತ್ತದೆ. ಸಭೆಯಲ್ಲಿ ಈ ಎರಡು ಲೆಕ್ಕವನ್ನೂ ಹಲಗೆಯ ಮೇಲೆ ಬರೆದರೆ ಸಾಕು, ಸೀರೆಯ ಮಾತು ತಾನಾಗಿ ನಿಲ್ಲುತ್ತದೆ. ಕಂತಿನ ವಿಷಯಕ್ಕೆ ಬಂದರೆ, ಗೃಹಲಕ್ಷ್ಮಿ, ಪ್ರೋತ್ಸಾಹಧನ ಈ ಎರಡೂ ಹಣದ ಮೇಲೆ ಕಂತು ಕಟ್ಟಬೇಡಿ. ಬರುವ ದಿನ ನಮ್ಮ ಕೈಯಲ್ಲಿಲ್ಲ.

ಕಂತನ್ನು ದುಡ್ಡಿನ ಕಾಲಕ್ಕೆ ಹೊಂದಿಸುವುದು ಹೀಗೆ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಲ್ಲಿ 10,000 ಪಡೆದು ತಿಂಗಳಿಗೆ 1,000 ಅಸಲು ಕಟ್ಟಿದರೆ ಹತ್ತು ತಿಂಗಳಿಗೆ ಒಟ್ಟು ಬಡ್ಡಿ 1,100. ಕಬ್ಬಿನ ಮನೆಯವರು ತಿಂಗಳಿಗೆ ಬಡ್ಡಿ ಮಾತ್ರ 200 ಕಟ್ಟಿ, ಅಸಲನ್ನು ಹತ್ತನೇ ತಿಂಗಳಲ್ಲಿ ಬಿಲ್ಲು ಬಂದಾಗ ತೀರಿಸಿದರೆ ಬಡ್ಡಿ 2,000. 900 ಹೆಚ್ಚು ಬೀಳುತ್ತದೆ, ಅದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು. ಹೆಚ್ಚಾದರೂ ಕಂತು ತಪ್ಪಿ ನಾಲ್ಕು ಜನರ ಮುಂದೆ ತಲೆತಗ್ಗಿಸುವುದಕ್ಕಿಂತ ಇದೇ ವಾಸಿ ಅನ್ನುವವರೇ ಹೆಚ್ಚು.

ಇನ್ನೊಬ್ಬರ ಖರ್ಚು ಕೇಳಲೇಬಾರದು ಅಂತ ನಾವು ಹೇಳುವುದಿಲ್ಲ. ಬ್ಯಾಂಕಿನ ಸಾಲಕ್ಕೆ ಇಡೀ ಸಂಘ ಹೊಣೆ. ಒಬ್ಬಳು ಕಟ್ಟುವುದು ನಿಲ್ಲಿಸಿದರೆ ಉಳಿದವರ ಮೇಲೆ ಬೀಳುತ್ತದೆ. ಆ ಹೆದರಿಕೆ ನ್ಯಾಯವಾದದ್ದು. ಅದಕ್ಕೊಂದು ಗೆರೆ ಹಾಕಿಕೊಂಡಿದ್ದೇವೆ: ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಮೈಕ್ರೋಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲಿ ಇಟ್ಟ ಮಿತಿಯೂ ಇದೇ. ಅರ್ಧದೊಳಗಿದ್ದರೆ ಸೀರೆ, ಬಾಡೂಟ, ಮೊಬೈಲು ಏನೇ ಆಗಲಿ ಸಂಘ ಮಾತಾಡುವುದಿಲ್ಲ. ದಾಟಿದರೆ, ಇಲ್ಲವೇ ಸತತ ಎರಡು ಕಂತು ತಪ್ಪಿದರೆ, ಇಬ್ಬರು ಸದಸ್ಯೆಯರು ಮನೆಗೇ ಹೋಗಿ ಕೂತು ಕೇಳುತ್ತಾರೆ. ಸಂಜೆ ಹೊತ್ತು, ಮನೆಯವರೆಲ್ಲ ಇರುವಾಗ ಹೋಗಬಾರದು. ಗಂಡನ ಇಸ್ಪೀಟಿನ ಸಾಲ ಇದ್ದರೆ ಅವಳು ಹೇಳುವುದಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆ, ಹಟ್ಟಿ ಕಡೆ ಒಬ್ಬಳೇ ಇರುವಾಗ ಹೋಗಿ.